ಹುಲ್ಲಿನೊಳಗಿನ ಸಂಸಾರ



ನಿಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಕೆನೆತ್ ಗ್ರಹಾಮ್ 1908ರಲ್ಲಿ ಬರೆದ 'ದಿ ವಿಂಡ್ ಇನ್ ದಿ ವಿಲ್ಲೋಸ್' ಓದಿರುತ್ತೀರಿ. ಅದರಲ್ಲಿ ದೋಣಿ ನಡೆಸುವ ರ‍್ಯಾಟಿಯನ್ನು ಇಲಿ ಎಂದುಕೊಂಡಿರಿ ತಾನೆ? ಅವನು ಇಲಿಯಲ್ಲ, ವೋಲ್! ಕರ್ನಾಟಕದಲ್ಲಿ ವೋಲ್‌ಗಳಿಲ್ಲ, ಹಾಗಾಗಿ ನಮ್ಮ ಮನೆಮಾತಿನಲ್ಲಿ ಅದಕ್ಕೆ ಹೆಸರೂ ಇಲ್ಲ. ಭಾರತದಲ್ಲಿ ಅದರ ಬಂಧುಗಳನ್ನು ಕಾಣಲು ಹಿಮಾಲಯಕ್ಕೇ ಹೋಗಬೇಕು.

ರ‍್ಯಾಟಿಯದು ನೀರಿನ ದಡದ ವಾಸ. ಈ ಸಲ ನಾನು ಹೇಳಹೊರಟಿರುವುದು ಅವನ ಚಿಕ್ಕ ದಾಯಾದಿ, ಬ್ರಿಟನ್ನಿನ ಹುಲ್ಲುಗಾವಲಿನ ಫೀಲ್ಡ್ ವೋಲ್ ಬಗ್ಗೆ. ಮೊಂಡು ಮೂತಿ, ಕೂದಲಲ್ಲಿ ಹುದುಗಿದ ಪುಟ್ಟ ಕಿವಿ, ಗಿಡ್ಡ ಬಾಲ. ತೂಕ 20ರಿಂದ 40 ಗ್ರಾಂ. ಊಟ, ಮನೆ, ದಾರಿ ಎಲ್ಲವೂ ಅದಕ್ಕೆ ಹುಲ್ಲೇ. ಉದ್ದ ಹುಲ್ಲಿನ ಬುಡದಲ್ಲಿ, ವರ್ಷವರ್ಷವೂ ಒಣಗಿ ಬಿದ್ದ ಹುಲ್ಲಿನ ಹಾಸಿನಡಿ, ಎರಡು ಬೆರಳಗಲದ ಓಣಿಗಳನ್ನು ಮಾಡಿಕೊಂಡು ಓಡಾಡುತ್ತದೆ. ಹುಲ್ಲನ್ನು ಎಳೆ ಎಳೆಯಾಗಿ ಸೀಳಿ ಚೆಂಡಿನಂಥ ಗೂಡು ಕಟ್ಟುತ್ತದೆ. ಚಳಿಗಾಲದಲ್ಲೂ ನಿದ್ದೆಹೋಗದೆ ಹಿಮದಡಿಯಲ್ಲೇ ಸಂಸಾರ ಸಾಗಿಸುತ್ತದೆ.

ಹುಲ್ಲು ಸುಲಭದ ಊಟವಲ್ಲ. ಅದರಲ್ಲಿ ಮರಳಿನ ಜಾತಿಯ ಸಿಲಿಕಾ ಇರುವುದರಿಂದ ಹಲ್ಲು ಸವೆಯುತ್ತದೆ. ಮೇಯ್ದಷ್ಟೂ ಸಿಲಿಕಾ ಹೆಚ್ಚಿಸಿಕೊಂಡು ತನ್ನನ್ನು ಕಾಪಾಡಿಕೊಳ್ಳುವ ಹುಲ್ಲುಗಳೂ ಇವೆ! ವೋಲ್ ಏನು ಕಡಿಮೆಯೇ? ಅದರ ದವಡೆ ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ.

ಹೆಣ್ಣು ಸುಮಾರು ಮೂರು ವಾರ ಗರ್ಭ ಹೊತ್ತು ನಾಲ್ಕಾರು ಮರಿ ಹಾಕುತ್ತದೆ. ಬೇಸಗೆಯಲ್ಲಿ ಒಂದು ಸೂಲಿನ ಹಿಂದೆ ಇನ್ನೊಂದು. ಆರು ವಾರ ಕಳೆಯುವಷ್ಟರಲ್ಲಿ ಮಗಳೂ ಬಸುರಿ! ಹೀಗಾದರೆ ಭೂಮಿಯೆಲ್ಲ ವೋಲ್‌ಮಯ ಆಗಬೇಕಿತ್ತಲ್ಲ? ಆಗುವುದಿಲ್ಲ. ಬಹುಪಾಲು ವೋಲ್‌ಗಳು ಒಂದು ವರ್ಷವನ್ನೂ ಪೂರೈಸುವುದಿಲ್ಲ. ನರಿ, ಗಿಡುಗ, ಮುಂಗುಸಿಯನ್ನು ನೆನಪಿಸುವ ವೀಸೆಲ್, ಗೂಬೆ ಎಲ್ಲಕ್ಕೂ ಅದೇ ಊಟ. ಬ್ರಿಟನ್ನಿನ ಉತ್ತರ ಭಾಗದಲ್ಲಿ ಇವುಗಳ ಸಂಖ್ಯೆ ಮೂರು ನಾಲ್ಕು ವರ್ಷಗಳಿಗೊಮ್ಮೆ ಏರಿ, ಮತ್ತೆ ಕುಸಿಯುತ್ತದೆ. ಆಕ್ಸ್‌ಫರ್ಡಿನ ಚಾರ್ಲ್ಸ್ ಎಲ್ಟನ್ ಈ ಏರಿಳಿತವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ 1942ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು.

ಸಂಖ್ಯೆ ಕುಸಿದ ವರ್ಷ ಹೆಚ್ಚು ಕಷ್ಟ ಕಣಜಗೂಬೆಗೆ. ಅಲ್ಲಿ ಅದರ ಮುಖ್ಯ ಆಹಾರವೇ ಫೀಲ್ಡ್ ವೋಲ್. ವೋಲ್ ಇಲ್ಲದ ವರ್ಷ ಗೂಬೆ ಕಡಿಮೆ ಮೊಟ್ಟೆ ಇಡುತ್ತದೆ, ಹುಟ್ಟಿದ ಮರಿಗಳೂ ಹಸಿವಿನಿಂದ ಸಾಯುತ್ತವೆ. ಈ ಏರಿಳಿತವನ್ನು ಗೂಬೆಗಳು ಯುಗಯುಗಗಳಿಂದ ತಾಳಿಕೊಂಡು ಬಂದಿವೆ. ತಾಳಲಾರದ್ದು ಬೇರೆಯೇ ಇದೆ. ಹುಲ್ಲನ್ನು ಉತ್ತು ಹೊಲ ಮಾಡಿದರೆ, ಕುರಿಗಳು ಬುಡದವರೆಗೆ ಮೇಯ್ದರೆ, ಯಂತ್ರದಿಂದ ನುಣ್ಣಗೆ ಕತ್ತರಿಸಿದರೆ ಒಣಹುಲ್ಲಿನ ಹಾಸು ಹೋಗುತ್ತದೆ. ಹಾಸು ಹೋದರೆ ವೋಲ್ ಇಲ್ಲ, ವೋಲ್ ಇಲ್ಲದಿದ್ದರೆ ಗೂಬೆ ಇಲ್ಲ. ಅದಕ್ಕೇ ಅಲ್ಲಿ ಗೂಬೆ ಉಳಿಸುವವರು ಗೂಡಿನ ಪೆಟ್ಟಿಗೆ ಇಟ್ಟರೆ ಸಾಲದು, ಹೊಲದಂಚಿನ ಹುಲ್ಲನ್ನೂ ಬೆಳೆಯಬಿಡಿ ಎಂದು ರೈತರಿಗೆ ಹೇಳುತ್ತಾರೆ.

ನಮ್ಮಲ್ಲಿ ಎಲ್ಲ ತಪ್ಪಿಗೂ ಯಾರಾದರೊಬ್ಬರ ತಲೆಯ ಮೇಲೆ ಗೂಬೆ ಕೂರಿಸುವುದು ವಾಡಿಕೆ. ಗೂಬೆ ಕೂರಬೇಕಾದರೂ ಕೆಳಗೆ ಹುಲ್ಲು ಇರಬೇಕಲ್ಲ! 'ಹುಲ್ಲುಕಡ್ಡಿಗೆ ಸಮಾನ' ಎಂದು ಇನ್ನು ಮುಂದೆ ಯಾರನ್ನೂ ಹೀಗಳೆಯಬೇಡಿ.

ಮುಂದೆ ಓದಿಗೋ ಕೆಲಸಕ್ಕೋ ನಿಮ್ಮಲ್ಲಿ ಯಾರಾದರೂ ಆ ನಾಡಿಗೆ ಹೋದರೆ, ಉದ್ದ ಹುಲ್ಲಿನ ಬಯಲು ಕಂಡಲ್ಲಿ ಒಮ್ಮೆ ಬಗ್ಗಿ, ಮೆಲ್ಲಗೆ ಹುಲ್ಲು ಸರಿಸಿ ನೋಡಿ. ಪುಟ್ಟ ಓಣಿ, ಅದರ ಬದಿಯಲ್ಲಿ ಹಲ್ಲಿನಿಂದ ಕತ್ತರಿಸಿ ಗುಡ್ಡೆ ಹಾಕಿದ ಹಸಿರು ಹುಲ್ಲಿನ ತುಂಡುಗಳು ಕಂಡರೆ ಮನೆಯವರು ಒಳಗಿದ್ದಾರೆ ಎಂದರ್ಥ. ನೋಡಿ ಆದಮೇಲೆ ಹುಲ್ಲನ್ನು ಮೊದಲಿನಂತೆ ಮುಚ್ಚುವುದನ್ನು ಮರೆಯಬೇಡಿ. ಮೇಲೆ ಗಿಡುಗ ಕಾಯುತ್ತಿರುತ್ತದೆ.