ಗ್ರೀಕ್ ತತ್ವಚಿಂತನೆ ಮತ್ತು ಕನ್ನಡ ತರಗತಿ: ತಾಲ್ಲೂಕು ಕಾಲೇಜುಗಳ ನೆಲೆಯಿಂದ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ತಾಲ್ಲೂಕು ಕೇಂದ್ರಗಳಲ್ಲಿ ಕಲಾ ಪದವಿ ಓದುವ ವಿದ್ಯಾರ್ಥಿಗಳು ಪ್ಲೇಟೊನನ್ನು ಸಾಮಾನ್ಯವಾಗಿ ಎರಡು ಬಾರಿ ಎದುರುಗೊಳ್ಳುತ್ತಾರೆ. ಮೊದಲನೆಯದು ರಾಜ್ಯಶಾಸ್ತ್ರದ ತರಗತಿಯಲ್ಲಿ. ಅಲ್ಲಿ ಆತ ತತ್ವಜ್ಞಾನಿ ದೊರೆಯನ್ನು, ಪಾಲಕ ವರ್ಗದ ಶಿಕ್ಷಣವನ್ನು, ಆಸ್ತಿ ಮತ್ತು ಕುಟುಂಬಗಳ ಸಾಮ್ಯವಾದವನ್ನು ಪ್ರತಿಪಾದಿಸಿದ ಚಿಂತಕ. ಎರಡನೆಯದು ಕನ್ನಡದ ತರಗತಿಯಲ್ಲಿ, ಪಾಶ್ಚಾತ್ಯ ಕಾವ್ಯಮೀಮಾಂಸೆಯ ಪತ್ರಿಕೆಯಲ್ಲಿ. ಅಲ್ಲಿ ಆತ ಕವಿಗಳನ್ನು ಆದರ್ಶ ರಾಜ್ಯದಿಂದ ಗಡೀಪಾರು ಮಾಡಿದವನು. ಈ ಎರಡೂ ವಿಚಾರಗಳು ‘ರಿಪಬ್ಲಿಕ್’ ಎಂಬ ಒಂದೇ ಗ್ರಂಥದವು. ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗದು. ಆದರೆ ಈ ಸಂಗತಿಯನ್ನು ಎರಡು ತರಗತಿಗಳ ಪೈಕಿ ಯಾವುದೂ ತನ್ನ ಹೊಣೆಯೆಂದು ಭಾವಿಸುವುದಿಲ್ಲ.

ತತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಬೋಧಿಸುವ ಕಾಲೇಜುಗಳು ರಾಜ್ಯದಲ್ಲಿ ಇಂದು ಬೆರಳೆಣಿಕೆಯವು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾದಾಗ ಪರಿಸ್ಥಿತಿ ಹೀಗಿರಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಎ.ಆರ್. ವಾಡಿಯಾ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು; 1918ರಿಂದ 1921ರವರೆಗೆ ಎಸ್. ರಾಧಾಕೃಷ್ಣನ್ ಅಲ್ಲಿಯೇ ಪಾಠ ಹೇಳಿದರು. ಆ ಪರಂಪರೆ ಜಿಲ್ಲಾ ಕೇಂದ್ರಗಳನ್ನು ದಾಟಿ ತಾಲ್ಲೂಕುಗಳಿಗೆ ಹರಿದುಬರುವ ಮೊದಲೇ ಸೊರಗಿತು. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಈ ಭಾಗದ ಕಾಲೇಜುಗಳು 2009ರ ನಂತರ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ವಿಶ್ವವಿದ್ಯಾಲಯ ಬದಲಾಯಿತು, ಸೆಮಿಸ್ಟರ್ ಬಂದಿತು, 2021ರ ಹೊಸ ಪಠ್ಯಕ್ರಮ ಬಂದು 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೂ ಆಯಿತು. ಇಷ್ಟೆಲ್ಲದರ ನಡುವೆ ಪ್ರಾಚೀನ ಗ್ರೀಕ್ ಚಿಂತನೆಯನ್ನು, ಎಷ್ಟೇ ಕಿರಿದಾಗಿರಲಿ, ಸಾಹಿತ್ಯದ ಪ್ರಶ್ನೆಯಾಗಿ ಉಳಿಸಿಕೊಂಡು ಬಂದದ್ದು ಕನ್ನಡ ವಿಭಾಗ. ತಾಲ್ಲೂಕು ಕಾಲೇಜಿನ ಕನ್ನಡ ಅಧ್ಯಾಪಕರು, ತಾವು ಬಯಸಿರಲಿ ಬಿಡಲಿ, ಆ ಊರಿನಲ್ಲಿ ಗ್ರೀಕ್ ತತ್ವಶಾಸ್ತ್ರದ ಬೋಧಕರೂ ಆಗಿದ್ದಾರೆ. ಈ ಹೊಣೆಯನ್ನು ಅವರು ಅರಿತು ಹೊರಬೇಕೆಂಬುದು ಇಲ್ಲಿನ ವಾದ.

ಈಗ ಕಲಿಸುತ್ತಿರುವ ಕ್ರಮವನ್ನು ನೋಡಬೇಕು. ಅನುಕರಣ, ಭಾವವಿರೇಚನ, ದುರಂತ ನಾಯಕನ ದೋಷ ಎಂಬ ಮೂರು ಪದಗಳು, ಕವಿಗಳ ಗಡೀಪಾರಿಗೆ ನಾಲ್ಕು ಕಾರಣಗಳು, ಗುರುವಿಗೆ ಶಿಷ್ಯ ಕೊಟ್ಟ ಉತ್ತರವೆಂದು ಅರಿಸ್ಟಾಟಲನ ಸಮರ್ಥನೆ: ಇಷ್ಟರಲ್ಲಿ ಗ್ರೀಕ್ ಭಾಗ ಮುಗಿಯುತ್ತದೆ. ಮುಂದಿನ ವಾರ ಲಾಂಜೈನಸ್. ಸೆಮಿಸ್ಟರಿನ ಅವಧಿ, ಅತಿಥಿ ಉಪನ್ಯಾಸಕರ ಮೇಲಿನ ಕಾರ್ಯಭಾರ, ಗ್ರಂಥಾಲಯಗಳ ಸ್ಥಿತಿ ಇವನ್ನೆಲ್ಲ ಬಲ್ಲವರು ಇದನ್ನು ಆಕ್ಷೇಪಿಸಲು ಹಿಂಜರಿಯುತ್ತಾರೆ. ಹಿಂಜರಿಕೆ ನ್ಯಾಯವೇ. ಆದರೆ ಪ್ಲೇಟೊ ತನ್ನ ‘ಫೀಡ್ರಸ್’ ಸಂವಾದದಲ್ಲಿ ಹೇಳಿಸಿರುವ ಈಜಿಪ್ಟಿನ ಕಥೆಯೊಂದು ಇಲ್ಲಿ ನೆನಪಾಗದೆ ಇರದು. ಬರವಣಿಗೆಯನ್ನು ಕಂಡುಹಿಡಿದ ದೇವತೆ ಅದು ಜನರ ಜ್ಞಾಪಕಶಕ್ತಿಯನ್ನು ಹೆಚ್ಚಿಸುವುದೆಂದು ಹೇಳಿದರೆ, ಅರಸನು ಅದನ್ನು ಒಪ್ಪದೆ, ಕಲಿಯದಿದ್ದರೂ ಕಲಿತಂತೆ ತೋರುವ ಜನರನ್ನು ಅದು ಸೃಷ್ಟಿಸುವುದೆನ್ನುತ್ತಾನೆ. ಪರೀಕ್ಷೆಯ ಹಿಂದಿನ ದಿನ ಬಸ್‌ನಿಲ್ದಾಣದ ಅಂಗಡಿಯಲ್ಲಿ ಮಾರಾಟವಾಗುವ ಗೈಡುಗಳನ್ನು ಆ ಅರಸ ಕಂಡಿರಲಿಲ್ಲ.

ಗಡೀಪಾರಿನ ಪ್ರಸಂಗವನ್ನೇ ತೆಗೆದುಕೊಳ್ಳಬಹುದು. ‘ರಿಪಬ್ಲಿಕ್’ನ ಎರಡು ಮತ್ತು ಮೂರನೆಯ ಪುಸ್ತಕಗಳಲ್ಲಿ ಚರ್ಚೆ ನಡೆಯುವುದು ಮಕ್ಕಳು ಯಾವ ಕಥೆಗಳನ್ನು ಕೇಳಿ ಬೆಳೆಯಬೇಕು ಎಂಬ ಬಗ್ಗೆ. ನಾಡನ್ನು ಕಾಯಬೇಕಾದವರ ಮನಸ್ಸು ಹೋಮರನ ದೇವತೆಗಳ ಜಗಳ, ಸುಳ್ಳು, ರೋದನಗಳಲ್ಲಿ ರೂಪುಗೊಳ್ಳಬೇಕೇ ಎಂಬ ಪ್ರಶ್ನೆಯಿಂದ ಕಾವ್ಯದ ವಿಚಾರಣೆ ಹುಟ್ಟುತ್ತದೆ. ಎಲ್ಲರನ್ನೂ ಅನುಕರಿಸಬಲ್ಲ ಕವಿ ನಗರಕ್ಕೆ ಬಂದರೆ ಆತನ ತಲೆಗೆ ಸುಗಂಧ ಲೇಪಿಸಿ, ಮಾಲೆ ತೊಡಿಸಿ, ಗೌರವದಿಂದಲೇ ಬೇರೊಂದು ನಗರಕ್ಕೆ ಬೀಳ್ಕೊಡಬೇಕೆಂಬ ಮಾತು ಬರುವುದು ಅಲ್ಲಿ. ಹತ್ತನೆಯ ಪುಸ್ತಕದಲ್ಲಿ ವಾದ ಹೆಚ್ಚು ಕಠಿಣವಾಗುತ್ತದೆ. ದೇವರು ಮಾಡಿದ ಮಂಚ, ಬಡಗಿ ಮಾಡಿದ ಮಂಚ, ಚಿತ್ರಕಾರ ಬರೆದ ಮಂಚ ಎಂಬ ಪ್ರಸಿದ್ಧ ದೃಷ್ಟಾಂತ ಅಲ್ಲಿಯದು. ಆದರೆ ಅದೇ ಪುಸ್ತಕದಲ್ಲಿ ಸಾಕ್ರಟೀಸ್ ಕಾವ್ಯಕ್ಕೂ ತತ್ವಕ್ಕೂ ಇರುವ ಜಗಳ ಹಳೆಯದೆಂದು ಒಪ್ಪಿಕೊಳ್ಳುತ್ತಾನೆ. ಕಾವ್ಯವನ್ನು ಪ್ರೀತಿಸುವವರು ಗದ್ಯದಲ್ಲಿಯೇ ಅದರ ಪರವಾಗಿ ವಾದಿಸಲಿ, ಕೇಳಲು ಸಿದ್ಧ ಎನ್ನುತ್ತಾನೆ. ಗಡೀಪಾರು ಆದೇಶದ ಕೊನೆಗೆ ಮೇಲ್ಮನವಿಯ ಅವಕಾಶವೂ ಇದೆ. ಟಿಪ್ಪಣಿಗಳಲ್ಲಿ ಆದೇಶ ಮಾತ್ರ ಉಳಿದುಕೊಂಡಿದೆ. ಹೀಗಾಗಿ ವಿದ್ಯಾರ್ಥಿಗಳು ಕಾಣುವ ಪ್ಲೇಟೊ ಕಾವ್ಯದ್ವೇಷಿಯಾದ ಒಬ್ಬ ಅಧಿಕಾರಿ. ಕಾವ್ಯದ ಸೆಳೆತವನ್ನು ಬಲ್ಲವನಾದ್ದರಿಂದಲೇ ಅದಕ್ಕೆ ಅಂಜಿದ ಬರಹಗಾರನಾಗಿ ಆತ ಕಾಣುವುದಿಲ್ಲ.

ಇನ್ನೂ ದೊಡ್ಡ ನಷ್ಟ ಮತ್ತೊಂದು ಕಡೆ ಇದೆ. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಶ್ರೀಶಂಕುಕನ ಚಿತ್ರತುರಗ ನ್ಯಾಯವನ್ನು ಪ್ರತಿಯೊಬ್ಬ ಕನ್ನಡ ಅಧ್ಯಾಪಕರೂ ಪಾಠ ಮಾಡುತ್ತಾರೆ. ನಟನನ್ನು ಕಂಡು ಇವನೇ ರಾಮ ಎಂದುಕೊಳ್ಳುವ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಚಿತ್ರದ ಕುದುರೆಯನ್ನು ಕುದುರೆ ಎನ್ನುವಂತಹ ಬೇರೆಯೇ ಬಗೆಯ ಅರಿವು ಅದು. ಅತ್ತ ಪ್ಲೇಟೊನದು ಚಿತ್ರದ ಮಂಚ, ಇತ್ತ ಶಂಕುಕನದು ಚಿತ್ರದ ಕುದುರೆ. ಒಬ್ಬನಿಗೆ ಚಿತ್ರವು ಸತ್ಯದಿಂದ ಮೂರು ಹೆಜ್ಜೆ ದೂರವಾದುದಾದರೆ ಇನ್ನೊಬ್ಬನಿಗೆ ಅದು ಸತ್ಯಾಸತ್ಯಗಳ ಅಳತೆಗೋಲಿಗೇ ಸಿಕ್ಕದು. ಅನುಕರಣವಾದವನ್ನು ಭಟ್ಟತೌತನೂ ಅವನ ಶಿಷ್ಯ ಅಭಿನವಗುಪ್ತನೂ ನಿರಾಕರಿಸಿದ ಬಗೆ ಕೂಡ ಇದೇ ಚರ್ಚೆಯ ಮುಂದುವರಿಕೆಯಂತೆ ಓದಿಸಿಕೊಳ್ಳುತ್ತದೆ. ಈ ಎರಡು ದೃಷ್ಟಾಂತಗಳನ್ನು ಒಂದೇ ಗಂಟೆಯಲ್ಲಿ ಎದುರುಬದುರು ನಿಲ್ಲಿಸಲು ತತ್ವಶಾಸ್ತ್ರ ವಿಭಾಗಕ್ಕಿಂತ ಕನ್ನಡ ವಿಭಾಗವೇ ಹೆಚ್ಚು ಸಮರ್ಥವಾದುದು, ಏಕೆಂದರೆ ಎರಡೂ ಅದರ ಪಠ್ಯದಲ್ಲಿಯೇ ಇವೆ. ಇರುವುದು ಬೇರೆ ಬೇರೆ ಪತ್ರಿಕೆಗಳಲ್ಲಿ. ಆದ್ದರಿಂದ ಅವು ಭೇಟಿಯಾಗುವುದಿಲ್ಲ.

ಪರಿಭಾಷೆಯ ವಿಷಯದಲ್ಲಿಯೂ ಇದೇ ಅವಸರ ಕಾಣುತ್ತದೆ. ‘ಕಥಾರ್ಸಿಸ್’ ಎಂಬ ಪದವನ್ನು ‘ವಿರೇಚನ’ ಎಂದು ಕನ್ನಡಿಸಿದಾಗ ಅದು ಪಂಚಕರ್ಮ ಚಿಕಿತ್ಸೆಯ ಪದವಾಗುತ್ತದೆ. 1857ರಲ್ಲಿ ಜರ್ಮನ್ ವಿದ್ವಾಂಸ ಯಾಕೋಬ್ ಬೆರ್ನಾಯ್ಸ್ ಮುಂದಿಟ್ಟ ವೈದ್ಯಕೀಯ ವ್ಯಾಖ್ಯಾನದ ಪರವಾಗಿ ಆ ಪದ ತೀರ್ಪು ಕೊಟ್ಟುಬಿಟ್ಟಿದೆ. ‘ಶುದ್ಧೀಕರಣ’ ಎಂದರೆ ಎದುರು ಪಕ್ಷದ ಪರ. ಅರಿಸ್ಟಾಟಲನಾದರೋ ದುರಂತ ನಾಟಕದ ಲಕ್ಷಣ ಹೇಳುವಲ್ಲಿ ಆ ಪದವನ್ನು ಒಮ್ಮೆ ಬಳಸಿ, ವಿವರಿಸದೆ ಮುಂದೆ ಸಾಗಿದ್ದಾನೆ. ಹಾಗೆಯೇ ‘ಹಮಾರ್ತಿಯ’ ಎಂಬುದು ಬಿಟ್ಟ ಬಾಣ ಗುರಿ ತಪ್ಪುವ ಕ್ರಿಯೆಯಿಂದ ಬಂದ ಮಾತು. ಅದನ್ನು ‘ದೋಷ’ ಎಂದೊಡನೆ ಈಡಿಪಸ್ ತಪ್ಪು ಮಾಡಿದ ಮನುಷ್ಯನಾಗಿರುವುದು ಹೋಗಿ ಕೆಟ್ಟ ಗುಣವುಳ್ಳ ಮನುಷ್ಯನಾಗುತ್ತಾನೆ. ಎಸ್.ಎಚ್. ಬುಚರ್ 1895ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದ ಭಾರತದ ತರಗತಿಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಗ್ರೀಕ್ ಪದಗಳು ಇಂಗ್ಲಿಷಿನ ಹೊಸಿಲು ದಾಟಿಯೇ ಕನ್ನಡಕ್ಕೆ ಬಂದವು. ಯಾವ ಪದ ಸರಿ ಎಂಬುದಕ್ಕಿಂತ, ಪ್ರತಿ ಪದದ ಹಿಂದೆ ಒಂದು ವ್ಯಾಜ್ಯವಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದು ಮುಖ್ಯ.

ಗ್ರೀಕ್ ಸಾಹಿತ್ಯ ಕನ್ನಡಕ್ಕೆ ಹತ್ತಿರವಾದದ್ದು ರಂಗಭೂಮಿಯ ದಾರಿಯಿಂದ. ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲೀಸನ ‘ಅಯಾಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಮರುಸೃಷ್ಟಿಸಿದರು, ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ತಂದರು. ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯವರಾದ ಪಿ. ಲಂಕೇಶರು ಈಡಿಪಸ್ ಮತ್ತು ಅಂತಿಗೊನೆ ನಾಟಕಗಳನ್ನು ಕನ್ನಡಿಸಿದರು. ತತ್ವಶಾಸ್ತ್ರಕ್ಕೆ ಈ ಅದೃಷ್ಟ ಒದಗಲಿಲ್ಲ. ಸಾಕ್ರಟೀಸನ ವಿಚಾರಣೆ ಮತ್ತು ಸಾವಿಗೆ ಸಂಬಂಧಿಸಿದಂತೆ ಎ.ಎನ್. ಮೂರ್ತಿರಾಯರು ಕನ್ನಡಕ್ಕೆ ತಂದ ‘ಸಾಕ್ರೆಟೀಸನ ಕೊನೆಯ ದಿನಗಳು’ ಇಲ್ಲಿ ಮಾನ್ಯವಾದ ಅಪವಾದ. ಅಂತಹ ಪುಸ್ತಕ ಕಾವ್ಯಮೀಮಾಂಸೆಯ ಓದಿಗೆ ಸಂಬಂಧಿಸಿದ್ದಲ್ಲವೆಂದು ಬದಿಗಿಡುವುದು ವಿವೇಕವಲ್ಲ. ಕ್ರಿ.ಪೂ. 399ರಲ್ಲಿ ಎಪ್ಪತ್ತು ವರ್ಷದ ಮುದುಕನೊಬ್ಬ ತನ್ನ ಊರಿನ ನ್ಯಾಯಸ್ಥಾನದ ಮುಂದೆ ನಿಂತು, ಪ್ರಶ್ನೆ ಕೇಳುವುದನ್ನು ಮಾತ್ರ ಬಿಡಲಾರೆನೆಂದು ಹೇಳಿದ ಸಂದರ್ಭವನ್ನು ಓದದವರಿಗೆ ಪ್ಲೇಟೊನ ಸಿಟ್ಟಿನ ಮೂಲ ತಿಳಿಯದು. ಆ ಸಾವಿಗೆ ಬಹಳ ಹಿಂದೆಯೇ ಅರಿಸ್ಟೊಫನೀಸನ ‘ಮೋಡಗಳು’ ಎಂಬ ಪ್ರಹಸನ ಅಥೆನ್ಸಿನಲ್ಲಿ ಸಾಕ್ರಟೀಸನನ್ನು ನಗೆಪಾಟಲು ಮಾಡಿತ್ತು. ರಂಗಭೂಮಿಯ ಬಗ್ಗೆ ಪ್ಲೇಟೊನಿಗಿದ್ದ ಅಪನಂಬಿಕೆಗೆ ಇದೂ ಒಂದು ಹಿನ್ನೆಲೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ವಸಾಹತುಶಾಹಿ ಹೊರಿಸಿದ ಈ ಹೊರೆಯನ್ನು ದೇಸಿ ಚಿಂತನೆಯ ನೆಲೆಗಳನ್ನು ಹುಡುಕುತ್ತಿರುವ ಕನ್ನಡ ಅಧ್ಯಯನ ಇನ್ನೂ ಏಕೆ ಹೊರಬೇಕು? ಜಗಳೂರಿನ ಮಳೆಯಾಶ್ರಿತ ಹೊಲಗಳಿಂದ ಬಂದ ಹುಡುಗಿಗೆ ಅಥೆನ್ಸಿನಿಂದ ಆಗಬೇಕಾದದ್ದೇನು? ಆಕ್ಷೇಪದಲ್ಲಿ ತಿರುಳಿದೆ. ಆದರೆ ಗ್ರೀಕರನ್ನು ಇಂಗ್ಲೆಂಡಿನ ಆಸ್ತಿಯೆಂದು ಒಪ್ಪಿಕೊಳ್ಳುವುದೇ ವಸಾಹತುಶಾಹಿಯ ವಾದವನ್ನು ಒಪ್ಪಿದಂತೆ. ಜಗಳೂರಿಗೆ ಹೆಚ್ಚು ದೂರವಲ್ಲದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ; ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಅದನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಆ ವಾಯವ್ಯದಲ್ಲಿಯೇ, ಕಂದಹಾರದಲ್ಲಿ, ಅದೇ ಅಶೋಕನ ಗ್ರೀಕ್ ಮತ್ತು ಅರಾಮಿಕ್ ಶಾಸನ 1958ರಲ್ಲಿ ದೊರೆಯಿತು. ಅಲ್ಲಿ ‘ಧಮ್ಮ’ ಎಂಬ ಪದಕ್ಕೆ ‘ಯೂಸೆಬೈಯ’ ಎಂಬ ಗ್ರೀಕ್ ಪದ ಬಳಕೆಯಾಗಿದೆ. ಬ್ರಹ್ಮಗಿರಿಯ ಬಂಡೆಯಲ್ಲಿ ಪ್ರಾಕೃತದಲ್ಲಿ ನಿಂತ ಧಮ್ಮದ ಮಾತು ಗ್ರೀಕಿಗೆ ಹೋಗಬೇಕಾದಾಗ ಆ ಕಾಲದ ಅನುವಾದಕ ಪಟ್ಟ ಪಾಡು, ‘ಕಥಾರ್ಸಿಸ್’ ಪದಕ್ಕೆ ಕನ್ನಡ ಹುಡುಕುವವರ ಪಾಡಿನ ಜಾತಿಯದೇ. ಕನ್ನಡ ಸಂಶೋಧಕರು ಆಕ್ಸಿರಿಂಕಸ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆಯೇ ಎಂದು ಹುಲ್ಷ್ ಅವರ 1904ರ ಊಹೆಯಿಂದ ಆರಂಭಿಸಿ ಗೋವಿಂದ ಪೈಗಳವರೆಗೆ ದಶಕಗಳ ಕಾಲ ಚರ್ಚಿಸಿದರು. ಆ ಊಹೆಯನ್ನು ಬಾರ್ನೆಟ್ 1926ರಲ್ಲಿಯೇ ಪ್ರಶ್ನಿಸಿದ್ದರು. ಗ್ರೀಕಿನಲ್ಲಿ ಕನ್ನಡವನ್ನು ಹುಡುಕಿದ ಶ್ರದ್ಧೆಯ ಒಂದು ಪಾಲು ಕನ್ನಡದಲ್ಲಿ ಗ್ರೀಕನ್ನು ಓದುವುದಕ್ಕೂ ಸಲ್ಲಬೇಕಿತ್ತು.

ದೇಸಿ ನೆಲೆಯಿಂದಲೇ ಪ್ಲೇಟೊನತ್ತ ನಡೆಯುವ ದಾರಿ ‘ಶೂನ್ಯಸಂಪಾದನೆ’ಯಲ್ಲಿದೆ. ಹೊನ್ನಾಳಿ, ನ್ಯಾಮತಿಗಳ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಅಲ್ಲಮಪ್ರಭುವಿನ ಊರು. ಆತ ಮುಕ್ತಾಯಕ್ಕನೊಡನೆ, ಸಿದ್ಧರಾಮನೊಡನೆ, ಗೋರಕ್ಷನೊಡನೆ ನಡೆಸುವ ಸಂವಾದಗಳಲ್ಲಿ ಎದುರಾಳಿಯ ನಂಬಿಕೆಯನ್ನು ಅವರ ಮಾತಿನಿಂದಲೇ ಬಿಚ್ಚಿಸುವ ಕ್ರಮವಿದೆ. ಸಾಕ್ರಟೀಸನ ಪ್ರಶ್ನಕ್ರಮವೂ ಇಂಥದೇ. ಸಾಮ್ಯವನ್ನು ಇಲ್ಲಿಗೇ ನಿಲ್ಲಿಸುವುದು ಸೋಮಾರಿತನ. ಸಾಕ್ರಟೀಸ್ ತನಗೆ ತಿಳಿದಿಲ್ಲವೆಂಬ ಮಾತಿನಿಂದ ಹೊರಡುತ್ತಾನೆ. ಅಲ್ಲಮ ಸಂಪಾದಿಸಿದ ನಿಲುವಿನಿಂದ ಮಾತಾಡುತ್ತಾನೆ. ಹೆಚ್ಚು ಫಲಪ್ರದವಾದ ಹೋಲಿಕೆ ಪಠ್ಯದ ಸ್ವರೂಪದಲ್ಲಿದೆ. ಸಾಕ್ರಟೀಸ್ ಏನನ್ನೂ ಬರೆಯಲಿಲ್ಲ. ಪ್ಲೇಟೊ, ಜೆನೊಫನ್, ಅರಿಸ್ಟೊಫನೀಸ್ ಮೂವರೂ ತೋರಿಸುವ ಸಾಕ್ರಟೀಸ್ ಬೇರೆ ಬೇರೆ. ನಿಜವಾದವನು ಯಾರೆಂಬುದು ಪಾಶ್ಚಾತ್ಯ ವಿದ್ವತ್ತಿನ ಮುಗಿಯದ ಸಮಸ್ಯೆ. ಹನ್ನೆರಡನೆಯ ಶತಮಾನದ ಶರಣರನ್ನು ಹದಿನೈದನೆಯ ಶತಮಾನದಲ್ಲಿ ಸಂವಾದಕ್ಕೆ ಕೂರಿಸಿದ ಶಿವಗಣಪ್ರಸಾದಿ ಮಹಾದೇವಯ್ಯ ಮತ್ತು ಅವನ ನಂತರದ ಸಂಕಲನಕಾರರ ಬಗ್ಗೆ ವಚನ ಸಂಶೋಧಕರು ಕೇಳುತ್ತ ಬಂದಿರುವ ಪ್ರಶ್ನೆಯೂ ಇದೇ. ವಚನಗಳ ಪಾಠ ಪರಿಷ್ಕರಣದಲ್ಲಿ ಪಳಗಿದ ಅಧ್ಯಾಪಕರಿಗೆ ಪ್ಲೇಟೊನ ಸಂವಾದ ಅಪರಿಚಿತ ವಸ್ತುವಲ್ಲ. ಅದನ್ನು ಓದುವ ಉಪಕರಣಗಳು ಅವರ ಕೈಯಲ್ಲಿಯೇ ಇವೆ.

ಆಗಬೇಕಾದ ಕೆಲಸಗಳಲ್ಲಿ ಕೆಲವು ದೊಡ್ಡವು. ಗ್ರೀಕ್ ಮೂಲದಿಂದ ನೇರವಾಗಿ ಕನ್ನಡಕ್ಕೆ ತರಬಲ್ಲವರನ್ನು ಸಿದ್ಧಗೊಳಿಸುವುದು ಕುವೆಂಪು ಭಾಷಾ ಭಾರತಿಯಂತಹ ಸಂಸ್ಥೆಗಳೂ ವಿಶ್ವವಿದ್ಯಾಲಯಗಳೂ ಸೇರಿ ಮಾಡಬೇಕಾದ, ಹತ್ತಿಪ್ಪತ್ತು ವರ್ಷಗಳ ಕೆಲಸ. ಅದಕ್ಕಾಗಿ ಕಾದು ಕೂರಬೇಕಿಲ್ಲ. ಅರಿಸ್ಟಾಟಲನ ‘ಕಾವ್ಯಮೀಮಾಂಸೆ’ ಚಿಕ್ಕ ಪುಸ್ತಕ. ಪ್ಲೇಟೊನ ‘ಅಯಾನ್’ ಒಂದೇ ಕೂರಿಕೆಯಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದಾದಷ್ಟು ಕಿರಿದು. ಹೋಮರನನ್ನು ಹಾಡುವ ಗಾಯಕನೊಬ್ಬನಿಗೆ, ಅವನು ಹಾಡುವುದು ವಿದ್ಯೆಯಿಂದಲೋ ಆವೇಶದಿಂದಲೋ ಎಂದು ಸಾಕ್ರಟೀಸ್ ಕೇಳುವ ಆ ಸಂವಾದ, ಗಮಕ, ಭಜನೆ, ಲಾವಣಿಗಳನ್ನು ಕೇಳಿ ಬೆಳೆದ ಊರುಗಳಲ್ಲಿ ವಿವರಣೆಯನ್ನೇ ಬೇಡುವುದಿಲ್ಲ. ಹತ್ತು ಸಿದ್ಧಾಂತಕಾರರ ಪರಿಚಯದ ಬದಲು ಇಂತಹ ಒಂದು ಸಂವಾದವನ್ನು ಆರಂಭದಿಂದ ಕೊನೆಯವರೆಗೆ ಓದಿಸುವ ಅವಕಾಶ ಪಠ್ಯಕ್ರಮದಲ್ಲಿ ಇರಬೇಕು. ರಾಜ್ಯಶಾಸ್ತ್ರದ ಅಧ್ಯಾಪಕರನ್ನು ಒಂದು ದಿನ ಕನ್ನಡದ ತರಗತಿಗೆ ಕರೆದು, ಅವರ ‘ರಿಪಬ್ಲಿಕ್’ ಮತ್ತು ಇವರ ‘ರಿಪಬ್ಲಿಕ್’ಗಳನ್ನು ಒಂದೇ ಮೇಜಿನ ಮೇಲೆ ಇಡುವುದಕ್ಕೆ ಯಾವ ಆದೇಶವೂ ಬೇಕಿಲ್ಲ.

ಪ್ರಶ್ನೆಪತ್ರಿಕೆ ಮಾತ್ರ ಬದಲಾಗಲೇಬೇಕು. ಕವಿಗಳ ಬಗ್ಗೆ ಪ್ಲೇಟೊನ ಆಕ್ಷೇಪಗಳನ್ನು ವಿವರಿಸಿ ಎಂದು ಕೇಳುವ ಜಾಗದಲ್ಲಿ ಸಂವಾದದ ಒಂದು ಪುಟವನ್ನೇ ಕೊಟ್ಟು, ಸಾಕ್ರಟೀಸನ ಯಾವ ಹೆಜ್ಜೆಯನ್ನು ಒಪ್ಪಲಾಗದು, ಏಕೆ ಎಂದು ಕೇಳಬಹುದು. ಇದಕ್ಕೆ ಗೈಡಿನಲ್ಲಿ ಸಿದ್ಧ ಉತ್ತರ ದೊರೆಯದು. ಮೌಲ್ಯಮಾಪನ ಕೇಂದ್ರದಲ್ಲಿ ಮಾದರಿ ಉತ್ತರ ಸಿದ್ಧಪಡಿಸುವವರಿಗೂ ತೊಡಕಾದೀತು. ಅಧ್ಯಯನ ಮಂಡಳಿಗಳು ಮೊದಲಿಗೆ ಇದನ್ನು ಆಂತರಿಕ ಪರೀಕ್ಷೆಯಲ್ಲಿ, ಹತ್ತು ಅಂಕಗಳಿಗಾದರೂ, ಅಳವಡಿಸಿ ನೋಡಬಹುದು.