ಒಣ ತೆಂಗಿನ ಬೊಡ್ಡೆ ಒಂದೆರಡು ನಿಂತಿರಲಿ

ಒಣಗಿದ ತೆಂಗಿನ ಮರ ತೋಟದಲ್ಲಿ ನಿಂತಿದ್ರೆ ನಮ್ಮ ಕಡೆ ಅದಕ್ಕೆ ಸೋಮಾರಿತನ ಅಂತಾರೆ. ಸುಳಿ ಬಿದ್ದು ಬರೀ ಬೊಡ್ಡೆ ಉಳೀತು ಅಂದ್ರೆ ಸಾಕು, ಕಡಿಸಿ ಹಾಕು ಅನ್ನೋರೇ ಎಲ್ಲಾ. ನಾನು ಒಪ್ಪೋದಿಲ್ಲ. ಎಲ್ಲವನ್ನೂ ಕಡಿಸಬೇಡಿ, ಒಂದೆರಡು ಬಿಡಿ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಇಂಥ ಬೊಡ್ಡೆಗೇನೂ ಬರ ಇರಲಿಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ ಬರಗಾಲಗಳಲ್ಲಿ ಬೋರ್‌ವೆಲ್ ಬತ್ತಿ ತೋಟಕ್ಕೆ ತೋಟವೇ ಒಣಗಿದ್ದನ್ನು ನಾವೆಲ್ಲಾ ಕಂಡವರೇ. ಆ ಸಂಕಟದಲ್ಲಿ ಮನೆ ಸಿಕ್ಕಿದ್ದು ಹಕ್ಕಿಗಳಿಗೆ ಮಾತ್ರ.

ನೀಲಕಂಠ ನಮ್ಮ ರಾಜ್ಯದ ಹಕ್ಕಿ. ಕೂತಾಗ ಮಂಕಾಗಿ ಕಾಣ್ತದೆ, ಹಾರಿದಾಗ ರೆಕ್ಕೆಯ ನೀಲಿ ನೋಡಬೇಕು. ಇದಕ್ಕೆ ಮರ ಕೊರೆಯೋಕೆ ಬರೋದಿಲ್ಲ. ಮರಕುಟಿಗ ಕೊರೆದು ಬಿಟ್ಟ ಪೊಟರೆ, ಇಲ್ಲಾ ತುದಿ ಕೊಳೆತು ಟೊಳ್ಳಾದ ತೆಂಗು, ಈಚಲು ಬೇಕು. ಯುಗಾದಿ ಸುಮಾರಿಗೆ ಆಕಾಶದಲ್ಲಿ ಪಲ್ಟಿ ಹೊಡೆದು ಕಿರುಚಾಡೋಕೆ ಶುರು ಮಾಡ್ತವೆ. 3ರಿಂದ 5 ಬಿಳಿ ಮೊಟ್ಟೆ, ಎರಡೂವರೆ ವಾರ ಕಾವು. ಮರಿ ಹಾರೋಕೆ ಮತ್ತೆ ಒಂದು ತಿಂಗಳು. ಅಷ್ಟೂ ದಿನ ಮಿಡತೆ, ದುಂಬಿ, ಓತಿಕ್ಯಾತ ಹಿಡಿದು ತಂದು ಹಾಕಬೇಕಲ್ಲ, ಅದೆಲ್ಲಾ ನಮ್ಮ ಹೊಲದ್ದೇ. ರಾತ್ರಿ ಪಾಳಿ ಹಾಲಕ್ಕಿಯದು. ಅದಕ್ಕೂ ಇಂಥದ್ದೇ ಪೊಟರೆ ಬೇಕು. ಹುಳ, ಇಲಿಮರಿ ತಿಂತದೆ. (ಕೂಗಿದರೆ ಅಪಶಕುನ ಅಂತ ಅದಕ್ಕೆ ಕಲ್ಲು ಬೀರೋರು ಇನ್ನೂ ಇದ್ದಾರೆ.)

ಕಡಲೆ, ತೊಗರಿ ಹೊಲದಲ್ಲಿ ಹಕ್ಕಿ ಕೂರೋಕೆ ಕವಲು ಕೋಲು ನೆಡಿ ಅಂತ ಹೇಳ್ತಾರೆ. ಒಳ್ಳೇದೇ. ಆದರೆ ಕೂರೋಕೆ ಕೋಲು ಕೊಟ್ಟು, ಸಂಸಾರ ಮಾಡೋ ಮನೆ ಕೆಡವಿದರೆ ಅವು ಯಾಕೆ ಬಂದಾವು?

ಅಮೆರಿಕದಲ್ಲಿ ಹೀಗೇ ಆಯ್ತು. ಅಲ್ಲಿ ನೀಲಿಹಕ್ಕಿ ಅಂತ ಗುಬ್ಬಿಗಿಂತ ತುಸು ದೊಡ್ಡದೊಂದಿದೆ. ಒಣಮರ ಕಡಿದರು, ಬೇಲಿಯ ಮರದ ಗೂಟ ಕಿತ್ತು ಕಬ್ಬಿಣದ್ದು ನೆಟ್ಟರು. ಉಳಿದ ಪೊಟರೆಗಳಿಗೆ ಹೊರದೇಶದಿಂದ ತಂದುಬಿಟ್ಟ ಗುಬ್ಬಿಗಳು ನುಗ್ಗಿದವು. ನೀಲಿಹಕ್ಕಿ ಕಮ್ಮಿಯಾಯ್ತು. 1930ರ ದಶಕದಿಂದ ಜನ ದಾರಿಯುದ್ದಕ್ಕೂ ಮರದ ಪೆಟ್ಟಿಗೆ ಕಟ್ಟಿ, ವರ್ಷಾವರ್ಷ ತೊಳೆದು, ಕಾದು, ಮತ್ತೆ ಕರೆತಂದರು. ಅವರ ಶ್ರಮಕ್ಕೆ ಕೈ ಮುಗೀಬೇಕು. ಆದರೆ ಪೆಟ್ಟಿಗೆಗೆ ಹಲಗೆ ಬೇಕು, ಬಡಗಿ ಬೇಕು, ನೋಡಿಕೊಳ್ಳೋರು ಬೇಕು. ನಮ್ಮ ಬೊಡ್ಡೆಗೆ ಮೂರು ಕಾಸು ಖರ್ಚಿಲ್ಲ.

ಕೊಂಬಿನ ದುಂಬಿ ಹೆಚ್ಚುತ್ತೆ ಅನ್ನೋ ಆಕ್ಷೇಪಣೆ ಬರ್ತದೆ. ಸುಳ್ಳಲ್ಲ, ಸುಳಿ ಕೊರೆಯೋ ಈ ದುಂಬಿ ಕೊಳೆತ ತೆಂಗಿನ ಮರದಲ್ಲಿ ಮೊಟ್ಟೆ ಇಡ್ತದೆ. ನೆಲಕ್ಕೆ ಬಿದ್ದು ಕೊಳೀತಿರೋ ದಿಮ್ಮಿ, ಬುಡದ ಮೋಟು ಇದ್ದರೆ ತೆಗೆದು ಸುಡಿ. ಕೆಂಪು ಮೂತಿ ಹುಳ ಬಿದ್ದು ಸತ್ತ ಮರವನ್ನಂತೂ ಒಂದು ದಿನವೂ ಇಟ್ಟುಕೊಳ್ಳಬೇಡಿ. ಆದರೆ ಕೊಂಬಿನ ದುಂಬಿಯ ದೊಡ್ಡ ತವರು ನಮ್ಮ ತಿಪ್ಪೆ. ಅದನ್ನು ವರ್ಷಗಟ್ಟಲೆ ಕೆದಕದೆ ಬಿಟ್ಟು, ನೀರಿಲ್ಲದೆ ಸತ್ತು ಒಣಗಿ ನಿಂತ ಬೊಡ್ಡೆ ಮೇಲೆ ತಪ್ಪು ಹೊರಿಸೋದು ಸರಿಯಲ್ಲ. ತಿಪ್ಪೆ ತಿರುವಿ ಹಾಕಿ, ಬಿಳಿ ಗೊಣ್ಣೆಹುಳ ಆರಿಸಿ ಕೋಳಿಗೆ ಹಾಕಿ.

ಮನೆ ಮೇಲೆ, ಕರೆಂಟು ತಂತಿ ಮೇಲೆ, ದಾರಿಗೆ ವಾಲಿದ್ದು ಇರಬಾರದು. ಅದನ್ನು ಕಡಿಸೋದಾದರೂ ಯುಗಾದಿಗೆ ಮುಂಚೆ, ಇಲ್ಲಾ ಮುಂಗಾರು ಹಿಡಿದು ಮರಿ ಹಾರಿದ ಮೇಲೆ ಕಡಿಸಿ. ನಮ್ಮ ತೋಟದಲ್ಲಿ ಎರಡು ಉಳಿಸಿದ್ದೀನಿ. ಒಂದು ದಾರಿ ಕಡೆ ವಾಲ್ತಿದೆ, ಶ್ರಾವಣ ಕಳೆದ ಮೇಲೆ ಅದಕ್ಕೆ ಕೊಡಲಿ. ಇನ್ನೊಂದರ ತುದಿಗೆ ಜೋಡಿ ಬಂದಿದೆ.