ಸ್ಟಾರ್ ಆಟಗಾರನ ಮೇಲೆ ದೂರು ಬಂದರೆ ವಿಶ್ವವಿದ್ಯಾಲಯ ಏನು ಮಾಡುತ್ತದೆ?

‘ಕೋರ್ಟೇ ಬಿಟ್ಟಿದೆ, ಶಿಕ್ಷೆ ಕೊಡೋಕೆ ಕಾಲೇಜು ಯಾರು?’ ‘ತಂಡದಿಂದ ಹೊರಗೆ ಹಾಕಿದ್ದಾರೆ ಅಂದ್ಮೇಲೆ ತಪ್ಪು ಮಾಡಿರಲೇಬೇಕು.’ ಅಮೆರಿಕದ ಯಾವುದಾದರೂ ಕಾಲೇಜಿನ ಆಟಗಾರನ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂದಾಗ ಈ ಎರಡೂ ಬಗೆಯ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ಎರಡೂ ತಪ್ಪು. ಹೇಗೆ ಎಂದು ನೋಡೋಣ.

ಕಾಲೇಜು ಆಟಕ್ಕೆ ಅಲ್ಲೇಕೆ ಅಷ್ಟು ಬೆಲೆ?

ಅಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಕಾಲೇಜು ಪಂದ್ಯಗಳಿಗೇ ಸಾವಿರಾರು ಜನ ಸೇರುತ್ತಾರೆ. ‘ಬಿಗ್ ಟೆನ್’ ಎಂಬ ಒಂದೇ ಒಂದು ವಿಶ್ವವಿದ್ಯಾಲಯಗಳ ಕೂಟ 2022ರಲ್ಲಿ ಏಳು ವರ್ಷಗಳ ಟಿವಿ ಪ್ರಸಾರಕ್ಕೆ 700 ಕೋಟಿ ಡಾಲರಿಗೂ ಹೆಚ್ಚಿನ ಒಪ್ಪಂದ ಮಾಡಿಕೊಂಡಿತು. ಅನೇಕ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲರಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ಕೋಚ್. 2025ರ ಜುಲೈನಿಂದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿಯೇ ಹಣ ಕೊಡಬಹುದು.

ಹೀಗಿರುವಾಗ ತಂಡದ ಮುಖ್ಯ ಆಟಗಾರನ ಮೇಲೆ ದೂರು ಬಂದರೆ, ಅದನ್ನು ವಿಚಾರಿಸಬೇಕಾದ ಸಂಸ್ಥೆಯೇ ಅವನಿಂದ ಲಾಭ ಪಡೆಯುವ ಸಂಸ್ಥೆಯೂ ಆಗಿರುತ್ತದೆ. ಸಮಸ್ಯೆಯ ಬೇರು ಇಲ್ಲಿದೆ.

ಪೊಲೀಸ್ ಕೇಸು ಬೇರೆ, ಕಾಲೇಜಿನ ವಿಚಾರಣೆ ಬೇರೆ

1972ರಲ್ಲಿ ಜಾರಿಗೆ ಬಂದ ‘ಟೈಟಲ್ ನೈನ್’ ಎಂಬ ಕಾನೂನಿನ ಪ್ರಕಾರ, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ. ಲೈಂಗಿಕ ದೌರ್ಜನ್ಯದ ದೂರನ್ನು ಕಡೆಗಣಿಸುವುದೂ ಈ ತಾರತಮ್ಯದಲ್ಲಿ ಸೇರುತ್ತದೆ. ದೂರು ಕೊಟ್ಟ ವಿದ್ಯಾರ್ಥಿನಿ ಮರುದಿನ ಅದೇ ಕ್ಲಾಸಿನಲ್ಲಿ ಅದೇ ಹುಡುಗನ ಎದುರು ಕೂರಬೇಕು ಎಂದರೆ ಅವಳ ಓದು ನಿಂತಂತೆಯೇ. ಅದನ್ನು ತಪ್ಪಿಸುವುದು ಕಾಲೇಜಿನ ಹೊಣೆ.

ನ್ಯಾಯಾಲಯದಲ್ಲಿ ಅಪರಾಧ ‘ಸಂಶಯಕ್ಕೆ ಎಡೆಯಿಲ್ಲದಂತೆ’ ಸಾಬೀತಾಗಬೇಕು, ಏಕೆಂದರೆ ಅಲ್ಲಿ ಜೈಲಿನ ಪ್ರಶ್ನೆ ಇದೆ. ಕಾಲೇಜು ಯಾರನ್ನೂ ಜೈಲಿಗೆ ಕಳಿಸಲಾರದು. ಅದು ಕೊಡಬಹುದಾದ ದೊಡ್ಡ ಶಿಕ್ಷೆ ಎಂದರೆ ಹೊರಹಾಕುವುದು. ಹಾಗಾಗಿ ಅನೇಕ ಕಡೆ ‘ಆಗಿರುವ ಸಾಧ್ಯತೆಯೇ ಹೆಚ್ಚು’ ಎಂಬಷ್ಟು ಸಾಕ್ಷ್ಯ ಇದ್ದರೆ ಸಾಕು. ಪೊಲೀಸರು ಕೇಸು ಹಾಕದಿದ್ದರೂ ಕಾಲೇಜು ಕ್ರಮ ಕೈಗೊಳ್ಳಬಹುದಾದ್ದು ಇದರಿಂದಲೇ. ನಮ್ಮಲ್ಲೂ ಸರ್ಕಾರಿ ನೌಕರನ ಮೇಲೆ ಕ್ರಿಮಿನಲ್ ಕೇಸು ಮತ್ತು ಇಲಾಖಾ ವಿಚಾರಣೆ ಬೇರೆ ಬೇರೆಯಾಗಿ ನಡೆಯುತ್ತವಲ್ಲ, ಹಾಗೆಯೇ ಇದು.

ಆರೋಪಿಗೂ ಹಕ್ಕುಗಳಿವೆ. 2020ರ ನಿಯಮಗಳ ಪ್ರಕಾರ ತೀರ್ಮಾನ ಆಗುವವರೆಗೆ ಅವನನ್ನು ತಪ್ಪಿತಸ್ಥ ಎನ್ನುವಂತಿಲ್ಲ. ಸಾಕ್ಷ್ಯ ಇಬ್ಬರಿಗೂ ಸಿಗಬೇಕು. ವಿಶ್ವವಿದ್ಯಾಲಯಗಳಲ್ಲಿ ನೇರ ವಿಚಾರಣೆ ನಡೆಸಿ, ಇಬ್ಬರ ಸಲಹೆಗಾರರಿಗೂ ಪಾಟೀಸವಾಲಿಗೆ ಅವಕಾಶ ಕೊಡಬೇಕು. ಮೇಲ್ಮನವಿಯ ಹಕ್ಕೂ ಇಬ್ಬರಿಗೂ ಇದೆ. 2024ರಲ್ಲಿ ಈ ನಿಯಮಗಳನ್ನು ಬದಲಿಸಲಾಗಿತ್ತು. 2025ರ ಜನವರಿಯಲ್ಲಿ ನ್ಯಾಯಾಲಯ ಆ ಬದಲಾವಣೆಯನ್ನು ರದ್ದು ಮಾಡಿದ್ದರಿಂದ ಹಳೆಯ ನಿಯಮಗಳೇ ಮರಳಿದವು.

ಇನ್ನು ತಂಡದಿಂದ ತಾತ್ಕಾಲಿಕವಾಗಿ ಹೊರಗಿಡುವುದು ತೀರ್ಪಲ್ಲ. ಆಟಗಾರನ ಬಂಧನವಾದಾಗ ಅಥವಾ ಗಂಭೀರ ಆರೋಪ ಬಂದಾಗ ಹಾಗೆ ಮಾಡುವುದು ಅನೇಕ ಕಡೆ ರೂಢಿ.

ಮುಚ್ಚಿಟ್ಟರೆ ಏನಾಗುತ್ತದೆ: ಬೇಲರ್

ಟೆಕ್ಸಾಸ್‌ನ ಬೇಲರ್ ಒಂದು ಬ್ಯಾಪ್ಟಿಸ್ಟ್ ಕ್ರೈಸ್ತ ವಿಶ್ವವಿದ್ಯಾಲಯ. ವರ್ಷಗಟ್ಟಲೆ ಸೋಲುತ್ತಿದ್ದ ಅದರ ಫುಟ್‌ಬಾಲ್ ತಂಡ, ಆರ್ಟ್ ಬ್ರೈಲ್ಸ್ ಕೋಚ್ ಆಗಿ ಬಂದ ಮೇಲೆ ಗೆಲ್ಲತೊಡಗಿತು. 2014ರಲ್ಲಿ 26 ಕೋಟಿ ಡಾಲರಿಗೂ ಹೆಚ್ಚು ಖರ್ಚಿನ ಹೊಸ ಕ್ರೀಡಾಂಗಣವೂ ಬಂತು. ಆದರೆ ಟೈಟಲ್ ನೈನ್ ದೂರುಗಳನ್ನು ನೋಡಿಕೊಳ್ಳಲು ಪೂರ್ಣಾವಧಿ ಅಧಿಕಾರಿಯನ್ನು ನೇಮಿಸಿದ್ದು ಅದೇ ವರ್ಷದ ಕೊನೆಗೆ, ಅಂದರೆ ಕ್ರೀಡಾಂಗಣ ತೆರೆದ ಮೇಲೆ.

ಆಟಗಾರರಿಗೆ ಕೋರ್ಟಿನಲ್ಲಿ ಶಿಕ್ಷೆಯಾಗತೊಡಗಿದಾಗ ವಿಶ್ವವಿದ್ಯಾಲಯ ಹೊರಗಿನ ವಕೀಲರಿಂದ ತನಿಖೆ ಮಾಡಿಸಿತು. 2016ರ ಮೇ ತಿಂಗಳಲ್ಲಿ ಅದರ ಸಾರಾಂಶ ಹೊರಬಂತು. ಫುಟ್‌ಬಾಲ್ ವಿಭಾಗ ತನ್ನದೇ ಶಿಸ್ತು ವ್ಯವಸ್ಥೆ ನಡೆಸುತ್ತಿತ್ತು. ಕೆಲವು ಪ್ರಕರಣಗಳಲ್ಲಿ ಸಿಬ್ಬಂದಿಯೇ ದೂರುದಾರರನ್ನೋ ಅವರ ತಂದೆತಾಯಿಯನ್ನೋ ಭೇಟಿಯಾಗಿ ಮಾತಾಡಿದ್ದರು, ಆದರೆ ಸಂಬಂಧಪಟ್ಟ ಅಧಿಕಾರಿಗೆ ತಿಳಿಸಿರಲಿಲ್ಲ. ಆಡಳಿತದವರೇ ದೂರು ಕೊಡದಂತೆ ಕೆಲವರ ಉತ್ಸಾಹ ಕುಗ್ಗಿಸಿದ್ದರು. 2011ರಿಂದ ಈಚೆಗೆ 17 ಮಹಿಳೆಯರು 19 ಆಟಗಾರರ ಮೇಲೆ ದೂರಿದ್ದಾರೆ ಎಂದು ಆಡಳಿತ ಮಂಡಳಿಯವರು ಆಮೇಲೆ ಹೇಳಿದರು.

ಬ್ರೈಲ್ಸ್ ಕೆಲಸ ಹೋಯಿತು. ಅಧ್ಯಕ್ಷ ಕೆನ್ ಸ್ಟಾರ್ ಅವರನ್ನೂ ಆ ಹುದ್ದೆಯಿಂದ ಇಳಿಸಲಾಯಿತು. 90ರ ದಶಕದಲ್ಲಿ ಬಿಲ್ ಕ್ಲಿಂಟನ್ ವಿರುದ್ಧ ತನಿಖೆ ನಡೆಸಿದ ವಕೀಲರು ಇವರೇ.

ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ 2021ರಲ್ಲಿ ತೀರ್ಮಾನ ಕೊಟ್ಟಿತು. ನೈತಿಕವಾಗಿ ದೊಡ್ಡ ಲೋಪವಾಗಿದೆ, ಆದರೆ ದೂರು ಮುಚ್ಚಿಡುವುದು ಇಡೀ ಕ್ಯಾಂಪಸ್ಸಿನಲ್ಲೇ ನಡೆಯುತ್ತಿದ್ದುದರಿಂದ ಆಟಗಾರರಿಗೆ ಮಾತ್ರ ವಿಶೇಷ ರಿಯಾಯಿತಿ ಸಿಕ್ಕಿದೆ ಎನ್ನಲಾಗದು ಎಂದಿತು! ಬೇರೆ ನಿಯಮಗಳ ಉಲ್ಲಂಘನೆಗಾಗಿ ನಾಲ್ಕು ವರ್ಷಗಳ ನಿಗಾ ಮತ್ತು ಇತರ ನಿರ್ಬಂಧಗಳನ್ನು ಹೇರಿತು. ಅದರ ಜೊತೆಗಿದ್ದ ದಂಡ 5,000 ಡಾಲರ್.

ಅವಸರಪಟ್ಟರೆ ಏನಾಗುತ್ತದೆ: ಡ್ಯೂಕ್

2006ರಲ್ಲಿ ನಾರ್ತ್ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ ತಂಡದ ಮೂವರ ಮೇಲೆ ಅತ್ಯಾಚಾರದ ಆರೋಪ ಬಂತು. ವಿಶ್ವವಿದ್ಯಾಲಯ ಆ ವರ್ಷದ ಉಳಿದ ಪಂದ್ಯಗಳನ್ನು ರದ್ದು ಮಾಡಿತು, ಕೋಚ್ ರಾಜೀನಾಮೆ ಕೊಡಬೇಕಾಯಿತು. ಟಿವಿಗಳಲ್ಲಿ ಆಗಲೇ ತೀರ್ಪು ಬಂದಂತಿತ್ತು.

ಆದರೆ ಡಿಎನ್ಎ ಪರೀಕ್ಷೆಗಳು ಆರೋಪಕ್ಕೆ ಹೊಂದಲಿಲ್ಲ. 2007ರ ಏಪ್ರಿಲ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ರಾಯ್ ಕೂಪರ್, ಈ ಮೂವರೂ ನಿರಪರಾಧಿಗಳು ಎಂದು ಘೋಷಿಸಿದರು. ಅವರಿಗೆ ಅನುಕೂಲವಾಗಿದ್ದ ಸಾಕ್ಷ್ಯವನ್ನು ಬಚ್ಚಿಟ್ಟ ಪ್ರಾಸಿಕ್ಯೂಟರ್ ಮೈಕ್ ನೈಫಾಂಗ್ ವಕೀಲಿಕೆಯ ಪರವಾನಗಿಯನ್ನೇ ಕಳೆದುಕೊಂಡರು. ತಾನು ಹೇಳಿದ್ದು ಸುಳ್ಳು ಎಂದು ದೂರುದಾರೆ 2024ರಲ್ಲಿ ಒಪ್ಪಿಕೊಂಡರು.

‘ಆಟಗಾರರ ಮೇಲಿನ ದೂರುಗಳೆಲ್ಲ ಹೀಗೇ’ ಎಂದು ಡ್ಯೂಕ್ ಕಥೆಯನ್ನು ಹಂಚುವವರಿದ್ದಾರೆ. ‘ದೊಡ್ಡವರೆಲ್ಲ ಬಚಾವಾಗುತ್ತಾರೆ’ ಎಂದು ಬೇಲರ್ ಕಥೆಯನ್ನು ಹಂಚುವವರೂ ಇದ್ದಾರೆ. ಒಂದು ಪ್ರಕರಣದಿಂದ ಇನ್ನೊಂದರ ಸತ್ಯ ತಿಳಿಯುವುದಿಲ್ಲ. ಎರಡು ಕಡೆಯೂ ಸೋತದ್ದು ಒಂದೇ: ಪಕ್ಷಪಾತವಿಲ್ಲದ ವಿಚಾರಣೆ. ಒಂದು ಕಡೆ ದೂರು ಸರಿಯಾದ ಮೇಜಿಗೆ ತಲುಪಲೇ ಇಲ್ಲ, ಇನ್ನೊಂದು ಕಡೆ ಸಾಕ್ಷ್ಯ ಬರುವ ಮೊದಲೇ ತೀರ್ಮಾನವಾಗಿತ್ತು.

ಆಟಗಾರ ಕಾಲೇಜು ಬದಲಿಸಿದರೆ?

ಆಟಗಾರರು ಈಗ ಸುಲಭವಾಗಿ ಕಾಲೇಜು ಬದಲಿಸಬಹುದು. ವಿದ್ಯಾರ್ಥಿಗಳ ದಾಖಲೆಗಳ ಗೌಪ್ಯತೆಯ ಕಾನೂನು ಇರುವುದರಿಂದ ಹಳೆಯ ವಿಷಯ ಹೊಸ ಕಾಲೇಜಿಗೆ ಗೊತ್ತಾಗದೇ ಹೋಗುವ ಅಪಾಯವಿತ್ತು. ಅದಕ್ಕಾಗಿ ಎನ್‌ಸಿಎಎ, ಹಿಂದೆ ಇಂಥ ವಿಚಾರಣೆ ಅಥವಾ ಶಿಕ್ಷೆ ಎದುರಿಸಿದ್ದರೆ ಆಟಗಾರರು ಪ್ರತಿವರ್ಷ ತಿಳಿಸಬೇಕು ಎಂಬ ನಿಯಮ ತಂದಿದೆ. ಆದರೆ ತಿಳಿದ ಮೇಲೂ ಅವನನ್ನು ಆಡಿಸಬೇಕೋ ಬೇಡವೋ ಎನ್ನುವುದು ಆಯಾ ಕಾಲೇಜಿಗೆ ಬಿಟ್ಟದ್ದು.

ನಮಗೇಕೆ ಬೇಕು ಇದು?

ನಮ್ಮ ಊರುಗಳಿಂದ ಅಮೆರಿಕಕ್ಕೆ ಓದಲು ಹೋಗುವ ಮಕ್ಕಳು ಕಡಿಮೆಯಿಲ್ಲ. ಟೈಟಲ್ ನೈನ್ ಅಮೆರಿಕದ ಪ್ರಜೆಗಳಿಗೆ ಮಾತ್ರವಲ್ಲ, ವಿದೇಶಿ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ‘ವೀಸಾ ಮೇಲೆ ಬಂದವರು ದೂರು ಕೊಡುವಂತಿಲ್ಲ’ ಎನ್ನುವುದು ಸುಳ್ಳು. ದೂರು ಕೊಡಬೇಕಾದದ್ದು ಕೋಚ್‌ಗೋ ತಂಡದ ಮ್ಯಾನೇಜರ್‌ಗೋ ಅಲ್ಲ, ವಿಶ್ವವಿದ್ಯಾಲಯದ ಟೈಟಲ್ ನೈನ್ ಕಚೇರಿಗೆ. ಜೊತೆಗೆ ಪೊಲೀಸರಿಗೂ ಕೊಡಬಹುದು.

ಭಾರತದಲ್ಲೂ ಯುಜಿಸಿಯ 2015ರ ನಿಯಮಾವಳಿಯಂತೆ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಅದು ವಿಚಾರಣೆಯನ್ನು 90 ದಿನಗಳೊಳಗೆ ಮುಗಿಸಬೇಕು. ಕಪ್ಪು ಗೆದ್ದು ತಂದವರಿಗೆ ಅದರಲ್ಲಿ ವಿನಾಯಿತಿ ಇಲ್ಲ.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ ಮೂರು ವಿಷಯ ನೋಡಿ: ಇದು ಬರೀ ಆರೋಪವೋ, ತಾತ್ಕಾಲಿಕ ಕ್ರಮವೋ, ಅಂತಿಮ ತೀರ್ಮಾನವೋ? ತೀರ್ಮಾನ ಕೊಟ್ಟದ್ದು ಕಾಲೇಜೋ ಕೋರ್ಟೋ? ದೂರುದಾರರ ಹೆಸರು, ಫೋಟೊ ಇದೆಯೇ? ಮೊದಲ ಎರಡಕ್ಕೆ ಉತ್ತರ ಸಿಗದಿದ್ದರೆ ಕಾಯಿರಿ. ಮೂರನೆಯದಕ್ಕೆ ಉತ್ತರ ‘ಹೌದು’ ಎಂದಾದರೆ ಅಲ್ಲೇ ಅಳಿಸಿಬಿಡಿ.